ಅಮ್ಮ ಮರೆತರೂ

ಪ್ರಶ್ನೆ: ಅಮ್ಮನಿಗೆ ಮರೆವಿನ ಕಾಯಿಲೆ. ನಮ್ಮ ಹೆಸರೂ ನೆನಪಿಲ್ಲ. ತೀರಿಹೋದ ಅಪ್ಪ ಎಲ್ಲಿ ಎಂದು ದಿನವೂ ಕೇಳುತ್ತಾರೆ. ಅವರಿಗೆ ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೊಡಿಸಬಹುದೇ? ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಅಪ್ಪನ ಸಮಾಧಿಗೆ ಕರೆದೊಯ್ಯಬೇಕೇ?
– ಓದುಗರು, ಸಿದ್ದಾಪುರ (ಕೊಡಗು)

ಉತ್ತರ: ಧಾರಾಳವಾಗಿ ಕೊಡಿಸಿ. ಇದು ಮಾಮೂಲಿ ತಿಂಡಿಯಲ್ಲ ಎಂಬ ಅರಿವು ಕೈಮುಗಿಯುವುದರಲ್ಲೋ ಶಿಲುಬೆ ಗುರುತು ಹಾಕುವುದರಲ್ಲೋ ಕಂಡರೆ ಸಾಕು. ಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ನಿಯಮ ವೃದ್ಧರಿಗೂ ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ಅನ್ವಯಿಸದು. ಒಣ ಪ್ರಸಾದ ಅಂಗುಳಕ್ಕೆ ಅಂಟಿದರೆ ಉಗುಳಿಬಿಡುತ್ತಾರೆ. ಉಗುರಿನಷ್ಟು ಚೂರು ಸಾಕೆಂದು ಫಾದರ್‌ಗೆ ಮೊದಲೇ ತಿಳಿಸಿ, ಅಮ್ಮನನ್ನು ನೆಟ್ಟಗೆ ಕೂರಿಸಿ, ಹಿಂದೆಯೇ ಒಂದು ಚಮಚ ನೀರು ಕೊಡಿ. ನೀರೂ ನೆತ್ತಿಗೇರುವಂತಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಸಂಜೆ ಇಂಥವರಿಗೆ ಗಲಿಬಿಲಿ ಹೆಚ್ಚುವುದುಂಟು, ಬೆಳಗಿನ ಹೊತ್ತೇ ಒಳ್ಳೆಯದು.

ಮನೆಯಲ್ಲಿ ಜಪಸರ ಪೂರ್ತಿ ಬೇಡ, ಹತ್ತು ಮಣಿ ಸಾಕು. ಚಿಕ್ಕಂದಿನಲ್ಲಿ ಬಾಯಿಪಾಠವಾದದ್ದು ಬೇಗ ಅಳಿಯುವುದಿಲ್ಲ. ಕೊಡಗಿನ ಎಷ್ಟೋ ಮನೆಗಳಲ್ಲಿ ಅದು ಕೊಂಕಣಿ, ಮಲಯಾಳ ಅಥವಾ ತಮಿಳಿನದು. ಚರ್ಚಿನಲ್ಲಿ ಕನ್ನಡ ಪೂಜೆಯೆಂದು ಮನೆಯಲ್ಲೂ ಕನ್ನಡದಲ್ಲೇ ಹೇಳಿಸಹೊರಟರೆ ಸುಮ್ಮನಾಗಿಬಿಡುತ್ತಾರೆ. ಮೊದಲರ್ಧ ನೀವು ಹೇಳಿ, ನಿಲ್ಲಿಸಿ. ಉಳಿದದ್ದು ಅವರ ಬಾಯಿಗೆ ಬಾರದಿದ್ದರೆ ನೀವೇ ಮುಗಿಸಿ. ಪರೀಕ್ಷೆ ಮಾಡಲು ಹೋಗಬೇಡಿ.

'ಅಪ್ಪ ತೀರಿಕೊಂಡರಲ್ಲ' ಎಂದು ದಿನಾ ನೆನಪಿಸಿದರೆ ಅವರಿಗೆ ದಿನಾ ಹೊಸ ಸಾವು. 'ಅಪ್ಪನ ನೆನಪಾಯಿತಾ ಅಮ್ಮಾ? ಅವರಿಗೊಂದು ಪ್ರಾರ್ಥನೆ ಹೇಳೋಣ' ಎನ್ನಿ. ಅದೇನೂ ಸುಳ್ಳಲ್ಲ. ಸಾವಿನ ಅರಿವು ಉಳಿದಿದ್ದರೆ ಮಾತ್ರ ಸಮಾಧಿಗೆ ಕರೆದೊಯ್ಯಿರಿ. 2ರ ನೂಕುನುಗ್ಗಲೂ ಬೇಡ: ನವೆಂಬರ್ 1ರಿಂದ 8ರವರೆಗೆ ಯಾವ ದಿನ ಅಲ್ಲಿ ಪ್ರಾರ್ಥಿಸಿದರೂ ಮೃತರಿಗಾಗಿ ಪೂರ್ಣ ದಂಡವಿಮೋಚನೆ (ಪಾಪಕ್ಕೆ ಉಳಿದಿರುವ ಶಿಕ್ಷೆಯಿಂದ ಬಿಡುಗಡೆ) ಅರ್ಪಿಸಬಹುದು, ದಿನಕ್ಕೊಂದರಂತೆ. ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಇವೂ ಜೊತೆಗಿರಬೇಕು.

ಯೆಶಾಯನ 49ನೇ ಅಧ್ಯಾಯದ 15, 16ನೇ ವಚನ ಓದಿ. ತಾಯಿ ಮಗುವನ್ನು ಮರೆತರೂ ನಾನು ಮರೆಯೆ, ನಿನ್ನನ್ನು ಅಂಗೈಯಲ್ಲೇ ಕೆತ್ತಿಕೊಂಡಿದ್ದೇನೆ ಎಂಬ ದೇವರ ಮಾತು ಅಲ್ಲಿದೆ. ಅದು ಅಮ್ಮನಿಗಿಂತ ಮಕ್ಕಳಾದ ನಿಮಗೇ ಹೆಚ್ಚು ಬೇಕಾದೀತು.

ಪ್ರಶ್ನೆ: ಮಳೆಗಾಲ ಕಳೆದು ಸಮಾಧಿಯೆಲ್ಲ ಪಾಚಿ. ಆಸಿಡ್ ಹಾಕಬಹುದೇ?
– ಓದುಗರು, ಮಡಿಕೇರಿ

ಉತ್ತರ: ಬೇಡ. ಸಿಮೆಂಟನ್ನೂ ಅಮೃತಶಿಲೆಯನ್ನೂ ಆಸಿಡ್ ತಿನ್ನುತ್ತದೆ, ಹೆಸರಿನ ಅಕ್ಷರಗಳೂ ಮಾಸುತ್ತವೆ. ನೀರು ಹಾಕಿ ನೆನೆಸಿ ತೆಂಗಿನ ನಾರಿನಿಂದ ಉಜ್ಜಿ. ಒದ್ದೆ ಸಿಮೆಂಟಿಗೆ ಪೇಂಟ್ ಬಳಿದರೆ ಹಪ್ಪಳದಂತೆ ಏಳುತ್ತದೆ. ಒಣಗಲು ಬಿಡುವಿಲ್ಲದಿದ್ದರೆ ಸುಣ್ಣವೇ ವಾಸಿ.