ರಾತ್ರಿ ಲೈಟ್ ಪೇಂಟಿಂಗ್ (ಕ್ಯಾಮೆರಾದ ಶಟರ್ ತೆರೆದಿಟ್ಟು, ಕತ್ತಲೆಯಲ್ಲಿ ಟಾರ್ಚಿನಿಂದ ಬೆಳಕು ಹಾಯಿಸಿ ಚಿತ್ರ ತೆಗೆಯುವುದು) ಮಾಡಿದರೆ ಮರ, ಗೋಡೆ ಎಲ್ಲವೂ ಚಪ್ಪಟೆಯಾಗಿ ಬರುತ್ತವೆ. ಇನ್ನೂ ಪ್ರಖರವಾದ ಟಾರ್ಚ್ ಕೊಳ್ಳಲೇ, ಕ್ಯಾಮೆರಾ ಬದಲಿಸಲೇ?

ಎರಡೂ ಬೇಡ. ಹಣ ನಿಮ್ಮ ಬಳಿಯೇ ಇರಲಿ.

‘ಟ್ರೈಪಾಡ್ ಪಕ್ಕದಲ್ಲಿ ನಿಂತು ಮರದ ಮೇಲೆಲ್ಲ ಸಮವಾಗಿ ಟಾರ್ಚ್ ಆಡಿಸುತ್ತೇನೆ’ ಎಂದು ಬರೆದಿದ್ದೀರಲ್ಲ, ಆ ಸಾಲು ಓದುತ್ತಲೇ ನಿಮ್ಮ ಚಿತ್ರಗಳು ಹೇಗಿರಬಹುದೆಂದು ಗೊತ್ತಾಯಿತು. ನಾನೂ ನಿಂತದ್ದು ಅಲ್ಲೇ. ಬೈದದ್ದೂ ಟಾರ್ಚನ್ನೇ.

ರಸ್ತೆ ಅಗಲ ಮಾಡುವುದಕ್ಕಾಗಿ ಒಂದು ಹಳೆಯ ಮರವನ್ನು ಕಡಿಯುವುದೆಂದು ತೀರ್ಮಾನವಾಗಿತ್ತು. ಅದರ ತೊಗಟೆಯಲ್ಲಿ ಬೆರಳು ಹೂತುಹೋಗುವಷ್ಟು ಆಳದ ಸೀಳುಗಳಿದ್ದವು. ಯಾವ ಕಾಲದಲ್ಲೋ ಯಾರೋ ಬೇಲಿಗೆಂದು ಸುತ್ತಿದ್ದ ತಂತಿಯನ್ನು ಮರ ನುಂಗಿಕೊಂಡಿತ್ತು. ಎದೆಯೆತ್ತರದಲ್ಲಿ ತುಕ್ಕು ಹಿಡಿದ ಒಂದು ಗಂಟು ಮಾತ್ರ ಹೊರಗುಳಿದು, ಸುತ್ತಲಿನ ತೊಗಟೆ ದಪ್ಪಗೆ ಉಬ್ಬಿ ಅದರ ಮೇಲೆ ಮಡಚಿಕೊಂಡಿತ್ತು. ಹಗಲಿನಲ್ಲಿ ಫೋಟೊ ತೆಗೆದರೆ ವಿದ್ಯುತ್ ಕಂಬ, ಜಾಹೀರಾತು ಫಲಕ, ನಿಂತ ವಾಹನಗಳು ಎಲ್ಲ ಚೌಕಟ್ಟಿನೊಳಗೆ ನುಗ್ಗಿ ಮರ ಎಲ್ಲೋ ಕಳೆದುಹೋಗುತ್ತಿತ್ತು. ರಾತ್ರಿಯಾದರೆ ಅವೆಲ್ಲ ಕತ್ತಲೆಯ ಪಾಲು, ಮರಕ್ಕೆ ಮಾತ್ರ ಬೆಳಕು ಕೊಟ್ಟರಾಯಿತು ಎಂದು ಲೆಕ್ಕ ಹಾಕಿದೆ. ಆ ಲೆಕ್ಕವೇನೋ ಸರಿಯಾಗಿಯೇ ಇತ್ತು. ಕಡಿಯುವ ಹಿಂದಿನ ರಾತ್ರಿ, ಅದಕ್ಕೆಂದೇ ಕೊಂಡ ಭಾರೀ ಟಾರ್ಚ್ ಹಿಡಿದು ಹೋದೆ.

ಟ್ರೈಪಾಡ್ ನಿಲ್ಲಿಸಿ, ಶಟರ್ ತೆರೆದು, ಅದರ ಪಕ್ಕದಲ್ಲೇ ನಿಂತು ಬುಡದಿಂದ ಕೊಂಬೆಗಳವರೆಗೆ ಟಾರ್ಚ್ ಆಡಿಸಿದೆ. ಕ್ಯಾಮೆರಾ ಪರದೆಯ ಮೇಲೆ ಮರ ಝಗಝಗಿಸಿತು. ಖುಷಿಯಲ್ಲಿ ಅದೇ ಜಾಗದಿಂದ ಮತ್ತಷ್ಟು ತೆಗೆದೆ, ಮತ್ತಷ್ಟು ಬೆಳಕು ಸುರಿದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಬಿಳಿಚಿಕೊಂಡ ಒಂದು ಕಂದು ಪಟ್ಟಿ! ಸೀಳುಗಳು ಮಾಯ. ತಂತಿಯ ಗಂಟು ಎಲ್ಲಿದೆಯೆಂದು ಗೊತ್ತಿದ್ದ ನನಗೇ ಅದು ಸಿಗಲಿಲ್ಲ. ಮುಂದಿದ್ದ ಹುಲ್ಲು ಮಾತ್ರ ಸುಣ್ಣದ ಬಿಳುಪಿಗೆ ತಿರುಗಿತ್ತು. ಮರುದಿನ ಮತ್ತೊಮ್ಮೆ ಪ್ರಯತ್ನಿಸೋಣ ಎನ್ನುವಂತೆಯೂ ಇರಲಿಲ್ಲ. ಬೆಳಿಗ್ಗೆಯೇ ಗರಗಸ ಬಂದಿತ್ತು.

ಏನಾಯಿತೆಂಬುದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಸರಿಸಬೇಡಿ. ತೊಗಟೆಯ ಸೀಳು ಸೀಳಾಗಿ ಕಾಣುವುದು ಅದರೊಳಗೆ ನೆರಳು ಬಿದ್ದಾಗ. ಬೆಳಕು ಎಡಗಡೆಯಿಂದ ಬಂದರೆ ಪ್ರತಿಯೊಂದು ಉಬ್ಬಿನ ಬಲಕ್ಕೂ ನೆರಳು ಬೀಳುತ್ತದೆ. ಬೆಳಕೂ ನೆರಳೂ ಅಕ್ಕಪಕ್ಕ ಇರುವುದರಿಂದ ಕಣ್ಣಿಗೆ ಉಬ್ಬುತಗ್ಗು ತಿಳಿಯುತ್ತದೆ. ಕ್ಯಾಮೆರಾದ ಪಕ್ಕದಿಂದಲೇ ಬೆಳಕು ಹಾಯಿಸಿದಿರೋ, ನೆರಳು ನೇರ ಉಬ್ಬಿನ ಹಿಂದಕ್ಕೆ ಹೋಗುತ್ತದೆ. ಆ ಹಿಂಭಾಗ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ನೆರಳು ಇಲ್ಲವೆಂದಲ್ಲ, ಉಬ್ಬು ತನ್ನ ನೆರಳನ್ನು ತಾನೇ ಮರೆಮಾಡಿಕೊಂಡಿದೆ. ಮೊಬೈಲಿನ ಫ್ಲಾಷ್ ಹಾಕಿ ತೆಗೆದ ಮುಖದಲ್ಲಿ ಮೂಗು ಎದ್ದು ಕಾಣದಿರುವುದಕ್ಕೂ ಇದೇ ಕಾರಣ: ಅಲ್ಲಿ ಫ್ಲಾಷ್ ಲೆನ್ಸಿಗೆ ಅಂಟಿಕೊಂಡೇ ಇದೆ. ನಾನು ಅಷ್ಟು ದೊಡ್ಡ ಟಾರ್ಚ್ ಹೊತ್ತು ಹೋಗಿ ಮಾಡಿದ್ದು ಒಂದು ನಿಧಾನಗತಿಯ ಫ್ಲಾಷ್ ಕೆಲಸ, ಅಷ್ಟೇ. ಬೆಳಕು ಎಷ್ಟು ಹೆಚ್ಚಿದರೂ ಅದು ಬರುವ ದಿಕ್ಕು ಬದಲಾಗದೆ ನೆರಳು ಹೊರಬರುವುದಿಲ್ಲ. ಇದಕ್ಕಾಗಿ ಹೊಸ ಟಾರ್ಚ್ ಕೊಳ್ಳುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಹುಲ್ಲು ಬೆಳ್ಳಗಾದದ್ದಕ್ಕೂ ಮೂಲ ಅದೇ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ: ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗ. ಟ್ರೈಪಾಡ್ ಬಳಿ ನಿಂತಾಗ ಹುಲ್ಲು 2 ಮೀಟರ್ ದೂರದಲ್ಲಿ, ಮರ 12 ಮೀಟರ್ ದೂರದಲ್ಲಿ ಇದೆ ಎಂದುಕೊಳ್ಳಿ. ದೂರ ಆರು ಪಟ್ಟು. ಹಾಗಾಗಿ ಹುಲ್ಲಿಗೆ ಬಿದ್ದ ಬೆಳಕಿನ 36ರಲ್ಲಿ ಒಂದು ಪಾಲು ಮಾತ್ರ ಮರಕ್ಕೆ. ಟಾರ್ಚಿನ ನಡುಗಿರಣವನ್ನು ಮರದ ಕಡೆಗೇ ತಿರುಗಿಸಿದ್ದೆ, ನಿಜ. ಆದರೆ ಅಂಚಿನಿಂದ ಚೆಲ್ಲಿದ ಮಂದ ಬೆಳಕೇ ಹತ್ತಿರದ ಹುಲ್ಲಿಗೆ ಧಾರಾಳವಾಯಿತು. ಮರಕ್ಕೆ ಸಾಲದೆಂದು ನಾನು ಬೆಳಕು ಹೆಚ್ಚಿಸಿದಂತೆಲ್ಲ ಹುಲ್ಲು ಇನ್ನಷ್ಟು ಸುಟ್ಟಿತು.

ಇಷ್ಟೆಲ್ಲ ಆಗುತ್ತಿದ್ದರೂ ಸ್ಥಳದಲ್ಲೇ ಏಕೆ ಗೊತ್ತಾಗಲಿಲ್ಲ ಎಂದು ಕೇಳಬಹುದು. ಕತ್ತಲೆಗೆ ಒಗ್ಗಿದ ಕಣ್ಣಿಗೆ ಆ ಪುಟ್ಟ ಪರದೆ ಬಹಳ ಬೆಳಗಿ ಕಾಣುತ್ತದೆ, ಅದರಲ್ಲಿ ಕಂಡದ್ದೆಲ್ಲ ಚೆಂದ. ಪರದೆಯ ಪ್ರಕಾಶವನ್ನು ತಗ್ಗಿಸಿಡಿ, ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕಪ್ಪು, ಬಿಳುಪು ಎಷ್ಟೆಷ್ಟಿವೆ ಎಂದು ತೋರಿಸುವ ನಕ್ಷೆ) ನೋಡಿ, ಮುಖ್ಯವಾದ ಭಾಗವನ್ನು ಹಿಗ್ಗಿಸಿ ನೋಡಿ. ಒಮ್ಮೆ ಹಿಗ್ಗಿಸಿ ಆ ತಂತಿಯ ಗಂಟನ್ನು ಹುಡುಕಿದ್ದರೆ ಸಾಕಿತ್ತು, ಉಳಿದ ರಾತ್ರಿಯೆಲ್ಲ ನನ್ನದಾಗಿತ್ತು.

ಈಗ ಹೇಗೆ ಮಾಡುತ್ತೇನೆಂದು ಹೇಳುತ್ತೇನೆ. ಶಟರ್ ತೆರೆದ ಮೇಲೆ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟು ನಡೆಯುತ್ತೇನೆ. ಮರದ ಬದಿಗೆ, ಎರಡು ಮೂರು ಮೀಟರ್ ಹತ್ತಿರಕ್ಕೆ ಹೋಗಿ, ಬೆಳಕು ತೊಗಟೆಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಹಾಯಿಸುತ್ತೇನೆ. ಚೌಕಟ್ಟಿನೊಳಗೆ ನೀವು ಓಡಾಡಿದರೂ ಚಿತ್ರದಲ್ಲಿ ಬರುವುದಿಲ್ಲ. ಕಡು ಬಣ್ಣದ ಬಟ್ಟೆ ತೊಟ್ಟಿರಬೇಕು, ಒಂದೆಡೆ ನಿಲ್ಲಬಾರದು, ನಿಮ್ಮ ಮೈಮೇಲೆ ಬೆಳಕು ಬೀಳಬಾರದು. ಟಾರ್ಚಿನ ಬಾಯಿ ಲೆನ್ಸಿನ ಕಡೆಗೆ ತಿರುಗಿದರೆ ಮಾತ್ರ ಅಲ್ಲೊಂದು ಬೆಳಕಿನ ಹುಳ ಮೂಡುತ್ತದೆ. ಅದಕ್ಕೇ ಕಪ್ಪು ಕಾಗದವನ್ನು ಕೊಳವೆಯಂತೆ ಸುರುಳಿ ಸುತ್ತಿ ಟಾರ್ಚಿನ ಮುಂದೆ ಸಿಕ್ಕಿಸುತ್ತೇನೆ. ಅಂಚಿನ ಚೆಲ್ಲು ಬೆಳಕೂ ಅಲ್ಲೇ ನಿಲ್ಲುತ್ತದೆ. ಕೈ ಎಲ್ಲಿಯೂ ತಡೆಯಬಾರದು. ಒಂದು ಕ್ಷಣ ನಿಂತರೂ ಅಲ್ಲಿ ಕಲೆ ಬೀಳುತ್ತದೆ.

ಇನ್ನು ‘ಸಮವಾಗಿ ಬೆಳಕು ಹರಡುವುದು ಹೇಗೆ’ ಎಂಬ ನಿಮ್ಮ ಪ್ರಶ್ನೆ. ಸಮವಾಗಿ ಏಕೆ ಹರಡಬೇಕು? ಸಮನಾದ ಬೆಳಕು ಬೇಕಿದ್ದರೆ ಹಗಲಿಗೇ ಹೋಗಿ, ಮೋಡ ಕವಿದ ದಿನ ಅದು ಪುಕ್ಕಟೆ ಸಿಗುತ್ತದೆ. ರಾತ್ರಿಯ ಹೆಚ್ಚುಗಾರಿಕೆ ಎಂದರೆ ಬೇಡದ್ದನ್ನು ಮುಟ್ಟದೆ ಬಿಡಬಹುದು. ಮರದ ಒಂದು ಮಗ್ಗುಲು ಪೂರ್ತಿ ಕಪ್ಪಾಗಿಯೇ ಇರಲಿ. ಕೊಂಬೆಗಳಲ್ಲಿ ಎರಡನ್ನು ಹಿಂದಿನಿಂದ ಬೆಳಗಿಸಿ ಅಂಚು ಮಾತ್ರ ಕಾಣುವಂತೆ ಮಾಡಿ, ಉಳಿದವನ್ನು ಆಕಾಶಕ್ಕೆ ಬಿಡಿ. ಎಲ್ಲಿಗೆ ಬೆಳಕು ಹಾಕುವುದಿಲ್ಲ ಎಂಬುದನ್ನು ನಾನು ಮೊದಲು ನಿರ್ಧರಿಸುತ್ತೇನೆ.

ಆ ನಿರ್ಧಾರ ಕತ್ತಲೆಯಲ್ಲಿ ಆಗುವುದಿಲ್ಲ. ಸೂರ್ಯ ಮುಳುಗುವ ಮೊದಲೇ ಸ್ಥಳಕ್ಕೆ ಹೋಗಿ. ಕಣ್ಣಿಗೆ ಎಲ್ಲ ಕಾಣುವಾಗಲೇ ಚೌಕಟ್ಟು ಕಟ್ಟಿ: ಯಾವ ಕೊಂಬೆ ಅಂಚಿಗೆ ತಾಗುತ್ತದೆ, ದಿಗಂತ ಸೊಟ್ಟಗಿದೆಯೇ, ನೀವು ನಡೆಯುವ ದಾರಿಯಲ್ಲಿ ಗುಂಡಿ ಇದೆಯೇ. ಫೋಕಸ್ ಹಿಡಿದು ಮ್ಯಾನುಯಲ್‌ಗೆ ತಿರುಗಿಸಿಬಿಡಿ, ಇಲ್ಲದಿದ್ದರೆ ಕತ್ತಲೆಯಲ್ಲಿ ಬಟನ್ ಒತ್ತಿದಾಗಲೆಲ್ಲ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ಟ್ರೈಪಾಡ್ ಮೇಲೆ ಇರುವಾಗ ಕೈನಡುಕ ಸರಿಪಡಿಸುವ ಲೆನ್ಸಿನ ಸ್ಥಿರೀಕರಣವನ್ನೂ ನಿಲ್ಲಿಸಿಬಿಡಿ. ತಡವಾಗಿ ಹೋದಿರಾದರೆ ವಸ್ತುವಿನ ಮೇಲೆ ಟಾರ್ಚಿನ ಬೆಳಕು ಬಿಟ್ಟು ಫೋಕಸ್ ಹಿಡಿಯಬಹುದು. ಚೌಕಟ್ಟಿಗೆ ಮಾತ್ರ ಅಂಥ ಅಡ್ಡದಾರಿ ಇಲ್ಲ.

ಕ್ಯಾಮೆರಾದ ವಿಷಯ. ಶಟರನ್ನು 30 ಸೆಕೆಂಡ್ ತೆರೆದಿಡುವ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂಬ ಅಳತೆ) ನಿಮ್ಮ ಕೈಗೆ ಕೊಡುವ ಯಾವುದಾದರೂ ಸಾಕು. ಬಲ್ಬ್ ಮೋಡ್ ಇದ್ದರೆ ಬೇಕಾದಷ್ಟು ಹೊತ್ತು ತೆರೆದಿಡಬಹುದು. ನಾನು ಐಎಸ್‌ಒ 100, ಅಪರ್ಚರ್ ಎಫ್/8ರಿಂದ ಶುರುಮಾಡುತ್ತೇನೆ. ನಾಲ್ಕು ನಿಮಿಷದ ಚಿತ್ರವನ್ನು ಪರೀಕ್ಷಿಸಲು ನಾಲ್ಕು ನಿಮಿಷ ಕಾಯುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಐಎಸ್‌ಒ 6400ಕ್ಕೆ ಏರಿಸಿ 4 ಸೆಕೆಂಡ್ ತೆಗೆದು ನೋಡಿ; ಐಎಸ್‌ಒ 100ರಲ್ಲಿ ಅದರ 64 ಪಟ್ಟು, ಅಂದರೆ 256 ಸೆಕೆಂಡ್ ತೆರೆದರೆ ಆಕಾಶ ಅಷ್ಟೇ ಬೆಳಗುತ್ತದೆ. ಚಿತ್ರ ಮುಗಿದ ಮೇಲೂ ಕ್ಯಾಮೆರಾ ಅಷ್ಟೇ ಹೊತ್ತು ಮಿಸುಕಾಡದೆ ಕೂತರೆ ಕೆಟ್ಟಿತೆಂದು ಹೆದರಬೇಡಿ. ದೀರ್ಘ ಎಕ್ಸ್‌ಪೋಶರ್‌ನ ನಾಯ್ಸ್ (ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳು) ತಗ್ಗಿಸುವ ಸೌಲಭ್ಯ ಚಾಲೂ ಇದ್ದರೆ, ಶಟರ್ ಮುಚ್ಚಿಕೊಂಡು ಇನ್ನೊಂದು ಕಪ್ಪು ಚಿತ್ರ ತೆಗೆದು ಹೋಲಿಸಿಕೊಳ್ಳುತ್ತಿರುತ್ತದೆ.

ದೀಪ ಹಿಡಿದು ಗಾಳಿಯಲ್ಲಿ ಬರೆದ ಗೆರೆಗಳು ಒಮ್ಮೆ ಉರಿದುಹೋಗುತ್ತವೆ, ಒಮ್ಮೆ ಮಂಕಾಗುತ್ತವೆ ಎಂದಿದ್ದೀರಿ. ಒಂದೇ ಚಿತ್ರದಲ್ಲಿ ಎರಡು ಲೆಕ್ಕಗಳು ನಡೆಯುತ್ತಿವೆ ಎಂಬುದನ್ನು ಹಿಡಿದುಕೊಂಡರೆ ಇದು ಬಗೆಹರಿಯುತ್ತದೆ. ಹಿನ್ನೆಲೆ ಕದಲದೆ ನಿಂತಿದೆ, ಶಟರ್ ತೆರೆದಷ್ಟು ಹೊತ್ತೂ ಬೆಳಕು ಕೂಡಿಕೊಳ್ಳುತ್ತದೆ. ಚಲಿಸುವ ದೀಪ ಹಾಗಲ್ಲ: ಚಿತ್ರದ ಪ್ರತಿ ಬಿಂದುವನ್ನೂ ಅದು ಅರೆಕ್ಷಣ ಮುಟ್ಟಿ ಮುಂದೆ ಹೋಗುತ್ತದೆ. ಆಮೇಲೆ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಆ ಗೆರೆ ತಾನಾಗಿ ಹೆಚ್ಚು ಬೆಳಗುವುದಿಲ್ಲ. ಆದ್ದರಿಂದ ಹಿನ್ನೆಲೆ ಮಾತ್ರ ಹೆಚ್ಚು ಕಡಿಮೆ ಆಗಬೇಕಾದರೆ ಸಮಯ ಬದಲಿಸಿ. ಗೆರೆ ಮಾತ್ರ ಬದಲಾಗಬೇಕಾದರೆ ದೀಪವನ್ನು ಮಂದ ಮಾಡಿ ಅಥವಾ ಕೈಯ ವೇಗ ಬದಲಿಸಿ. ಅಪರ್ಚರ್, ಐಎಸ್‌ಒ ಮುಟ್ಟಿದರೆ ಎರಡೂ ಬದಲಾಗುತ್ತವೆ.

ಈ ಲೆಕ್ಕಕ್ಕೆ ಮಾದರಿ ಬೇಕಿದ್ದರೆ 1949ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಗಾಗಿ ಛಾಯಾಗ್ರಾಹಕ ಗ್ಯೋನ್ ಮಿಲಿ ತೆಗೆದ, ಚಿತ್ರಕಾರ ಪಿಕಾಸೊನ ಚಿತ್ರಗಳನ್ನು ಹುಡುಕಿ ನೋಡಿ. ಕತ್ತಲ ಕೋಣೆಯಲ್ಲಿ ಪಿಕಾಸೊ ಪುಟ್ಟ ದೀಪದಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಾನೆ, ತೆರೆದ ಶಟರ್ ಆ ಗೆರೆಯನ್ನು ಹಿಡಿಯುತ್ತದೆ. ಅವನ ಮೈ ಮತ್ತು ಮುಖವನ್ನು ಹಿಡಿದದ್ದು ಕ್ಷಣಮಾತ್ರದ ಒಂದು ಫ್ಲಾಷ್. ಎರಡು ಬೆಳಕು, ಎರಡು ಲೆಕ್ಕ. ಗೆರೆ ಗೋಜಲಾಗದಿರಲು ಏನು ಮಾಡಬೇಕೆಂಬುದೂ ಅಲ್ಲೇ ಕಾಣುತ್ತದೆ: ಬಹುಮಟ್ಟಿಗೆ ಎಡೆಬಿಡದ ಒಂದೇ ಗೆರೆ. ಹಗಲಿನಲ್ಲೇ ಬರಿಗೈಯಲ್ಲಿ ಆ ಚಲನೆ ಅಭ್ಯಾಸ ಮಾಡಿ, ಶಟರ್ ತೆರೆದ ಮೇಲೆ ಯೋಚಿಸುತ್ತ ನಿಲ್ಲಬೇಡಿ.

ಅಕ್ಷರ ಬರೆಯುವ ಆಸೆ ಇದ್ದರೆ ಇನ್ನೊಂದು ಮಾತು. ಕ್ಯಾಮೆರಾಕ್ಕೆ ಎದುರಾಗಿ ನಿಂತು ಬರೆದರೆ ಅಕ್ಷರಗಳು ಎಡಬಲ ತಿರುಗಿ ಮೂಡುತ್ತವೆ. ಕಲಾವಿದ, ಛಾಯಾಗ್ರಾಹಕ ಮ್ಯಾನ್ ರೇ 1935ರಲ್ಲಿ ತೆಗೆದುಕೊಂಡ ತನ್ನದೇ ಚಿತ್ರವೊಂದರಲ್ಲಿ ಬೆಳಕಿನ ಸುರುಳಿಗಳನ್ನು ಗೀಚಿದ್ದ. ಅದು ಬರೀ ಗೀಚಲ್ಲ, ಅವನ ಸಹಿ ಎಂಬುದನ್ನು 2009ರಲ್ಲಿ ಛಾಯಾಗ್ರಾಹಕಿ ಎಲನ್ ಕೇರಿ ಕನ್ನಡಿ ಹಿಡಿದು ಕಂಡುಕೊಂಡರು. ಅಷ್ಟು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ! ನಿಮಗೆ ಸುಲಭದ ದಾರಿ ಎಂದರೆ ಕಂಪ್ಯೂಟರಿನಲ್ಲಿ ಚಿತ್ರ ಮಗುಚುವುದು, ಆದರೆ ಹಿನ್ನೆಲೆಯಲ್ಲಿ ಫಲಕವೋ ಪರಿಚಿತ ಕಟ್ಟಡವೋ ಇದ್ದರೆ ಅದೂ ಮಗುಚಿಕೊಳ್ಳುತ್ತದೆ. ನಮ್ಮ ದುಂಡಕ್ಷರಗಳು ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತವೆ. ಒತ್ತಕ್ಷರ ಬಂದಾಗ ಮಾತ್ರ ದೀಪ ಆರಿಸಿ ಕೈ ಕೆಳಗಿಳಿಸಬೇಕು.

ಕೊನೆಗೆ ಸ್ಟೀಲ್ ವೂಲ್ (ಉಕ್ಕಿನ ತೆಳು ಎಳೆಗಳ ಉಂಡೆ) ಹೊತ್ತಿಸಿ ತಿರುಗಿಸುವುದರ ಬಗ್ಗೆ ಕೇಳಿದ್ದೀರಿ. ಅದರಿಂದ ಸಿಡಿಯುವುದು ಉರಿಯುವ ಕಬ್ಬಿಣದ ಚೂರುಗಳು. ಒಣಹುಲ್ಲಿಗೆ ಬಿದ್ದರೆ ಬೆಂಕಿ, ಲೆನ್ಸಿನ ಗಾಜಿಗೆ ಬಿದ್ದರೆ ಅಳಿಸಲಾಗದ ಚುಕ್ಕೆ, ಕಣ್ಣಿಗೆ ಬಿದ್ದರೆ ಹೇಳುವುದೇ ಬೇಡ. ಬಂಡೆಯ ಮೇಲೆ, ನೀರಿನ ಪಕ್ಕದಲ್ಲಿ ಎಚ್ಚರಿಕೆಯಿಂದ ಮಾಡುವವರಿದ್ದಾರೆ. ಆದರೆ ನೆರಳು ಎತ್ತ ಬೀಳುತ್ತದೆಂದು ಇನ್ನೂ ಕಲಿಯುತ್ತಿರುವವರು ಮೊದಲ ಹೆಜ್ಜೆಗೇ ಕಿಡಿಗಳ ಹಿಂದೆ ಹೋಗುವುದು ನನಗೆ ಹಿಡಿಸುವುದಿಲ್ಲ, ಚಿತ್ರಗಳೂ ಒಂದರಂತೆ ಇನ್ನೊಂದು ಇರುತ್ತವೆ. ಬೇರೆ ಏನಾದರೂ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ. ಇದಕ್ಕೆ ಮಾತ್ರ ನನ್ನಿಂದ ಸೆಟ್ಟಿಂಗ್ ಸಿಗುವುದಿಲ್ಲ.