ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಬಿಸಿ, ಎಸಿ ಹಾಕಿದರೆ ತಣ್ಣಗೆ: ರೇಡಿಯೇಟರ್ ಬದಲಿಸಬೇಕಾ?

ಬೇಡ. ಸದ್ಯಕ್ಕಂತೂ ಬೇಡ. ನೀವು ಬರೆದಿರುವ ಲಕ್ಷಣಗಳಲ್ಲೇ ಮುಕ್ಕಾಲು ಉತ್ತರ ಇದೆ. ಪುಣೆಯಲ್ಲಿ ಕೋಥ್ರೂಡ್‌ನಿಂದ ಹಿಂಜವಡಿಗೆ ಹೋಗುವಾಗ ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಬೆಳಗಾವಿಗೆ ಹೋಗುವಾಗ ಖಂಬಾಟ್ಕಿ ಘಾಟ್ ಹತ್ತಿದರೂ ಅದು ಅಲುಗಾಡುವುದಿಲ್ಲ. ಟ್ರಾಫಿಕ್‌ನಲ್ಲೇ ಎಸಿ ಹಾಕಿದರೆ ಎರಡು ನಿಮಿಷದಲ್ಲಿ ಇಳಿಯುತ್ತದೆ. ಇಷ್ಟನ್ನೂ ಹೇಳಿದ ಮೇಲೆ ಗ್ಯಾರೇಜಿನವರು ‘ರೇಡಿಯೇಟರ್ ಚೋಕ್ ಝಾಲಾಯ್, ಬದಲಾವಾ ಲಾಗೇಲ್’ (ರೇಡಿಯೇಟರ್ ಕಟ್ಟಿಕೊಂಡಿದೆ, ಬದಲಿಸಬೇಕು) ಅಂದಿದ್ದಾರೆ. ಅವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಕಾರ್ ಬಿಸಿಯಾಯಿತು ಅಂದ ಕೂಡಲೇ ರೇಡಿಯೇಟರ್ ಕಡೆ ಕೈ ತೋರಿಸುವುದು ಪುಣೆಯಲ್ಲಿ ಬಹಳ ಗ್ಯಾರೇಜ್‌ಗಳ ಅಭ್ಯಾಸ, ಅಷ್ಟೇ.

ರೇಡಿಯೇಟರ್ ಅಂದರೆ ಎಂಜಿನ್ನಿನ ಬಿಸಿನೀರನ್ನು ಗಾಳಿಗೆ ಒಡ್ಡಿ ತಣಿಸುವ ಜಾಲರಿ. ಅದು ಒಳಗೆ ಕಟ್ಟಿಕೊಂಡಿದ್ದರೆ ಮೊದಲು ಕಾಟ ಕೊಡುವುದು ಎಂಜಿನ್ ಜೋರಾಗಿ ದುಡಿಯುವಾಗ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಮುಂದೆ ತೆವಳುವ ಲಾರಿ, ಎರಡನೇ ಗೇರ್‌ನಲ್ಲಿ ಘಾಟ್ ಏರುವುದು. ಅಲ್ಲಿ ಪಾಸಾದ ರೇಡಿಯೇಟರ್ ಚಾಂದನಿ ಚೌಕದಲ್ಲಿ ಸುಮ್ನೆ ನಿಂತಾಗ ಫೇಲ್ ಆಗುವುದು ಹೇಗೆ? ಎರಡೂ ಕಡೆ ಇರುವ ವ್ಯತ್ಯಾಸ ಗಾಳಿ. ಓಡುವಾಗ ಗ್ರಿಲ್‌ನಿಂದ ಗಾಳಿ ತಾನಾಗೇ ನುಗ್ಗುತ್ತದೆ. ನಿಂತಾಗ ಆ ಕೆಲಸ ಫ್ಯಾನ್‌ದು.

ಎಸಿ ವಿಷಯ ಇನ್ನೂ ದೊಡ್ಡ ಸುಳಿವು. ಎಸಿಯ ಬಿಸಿಯನ್ನು ಹೊರಗೆ ಬಿಡುವ ಜಾಲರಿ, ಅಂದರೆ ಕಂಡೆನ್ಸರ್, ಕೂತಿರುವುದು ರೇಡಿಯೇಟರ್ ಮುಂದೆ. ಎಸಿ ಹಾಕಿದರೆ ಅದರ ಬಿಸಿಯೂ ರೇಡಿಯೇಟರ್ ಮೇಲೆ ಬೀಳುತ್ತದೆ, ಕಂಪ್ರೆಸರ್ ಎಳೆಯುವ ಭಾರವೂ ಎಂಜಿನ್ ಮೇಲೆ ಬೀಳುತ್ತದೆ. ಲೆಕ್ಕದ ಪ್ರಕಾರ ಮುಳ್ಳು ಇನ್ನೂ ಏರಬೇಕು. ಇಳಿಯಿತು ಅಂದರೆ ಕಾರಣ ಒಂದೇ, ಎಸಿ ಹಾಕಿದಾಗ ಫ್ಯಾನ್ ತಿರುಗುತ್ತದೆ, ಹಾಕದೇ ಇದ್ದಾಗ ತಿರುಗಬೇಕಾದ ಹೊತ್ತಿಗೆ ತಿರುಗುತ್ತಿಲ್ಲ. ಗಾಳಿ ಸಿಕ್ಕ ಕೂಡಲೇ ತಣ್ಣಗಾಗುತ್ತದೆ ಅಂದಮೇಲೆ ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ. ನೀರೂ ಹರಿಯುತ್ತಿದೆ, ಪಂಪೂ ನಡೆಯುತ್ತಿದೆ.

ಈಗ ಮುಖ್ಯ ಪ್ರಶ್ನೆ: ನಿಮ್ಮ ಕಾರಿನಲ್ಲಿ ಫ್ಯಾನ್ ಒಂದಾ, ಎರಡಾ? ಇದನ್ನು ನೀವು ಬರೆದಿಲ್ಲ. ಬಾನೆಟ್ ಎತ್ತಿ ನೋಡಿ. ಎಂಜಿನ್ ಆಫ್ ಇದ್ದರೂ ಕೈ, ದುಪಟ್ಟಾ, ಐಡಿ ಕಾರ್ಡಿನ ದಾರ ಯಾವುದನ್ನೂ ಫ್ಯಾನ್ ಹತ್ತಿರ ಬಿಡಬೇಡಿ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ, ನಿಂತಿದ್ದದ್ದು ದಿಢೀರ್ ಅಂತ ಶುರುವಾಗಲೂಬಹುದು. ಅದು ದೋಷ ಅಲ್ಲ. ಎಂಜಿನ್ ನಿಂತಾಗ ನೀರಿನ ಹರಿವೂ ನಿಲ್ಲುತ್ತದೆ, ಒಳಗಿನ ಬಿಸಿ ಒಂದೇ ಕಡೆ ಸೇರುತ್ತದೆ. ಅದನ್ನು ಇಳಿಸಲು ಹಾಗೆ ಮಾಡಿರುತ್ತಾರೆ.

ಎರಡು ಫ್ಯಾನ್ ಇದ್ದರೆ ಹೀಗೆ ಮಾಡಿ. ಎಂಜಿನ್ ಶುರು ಮಾಡಿ, ಎಸಿ ಹಾಕಿ, ಒಬ್ಬರು ಒಳಗೆ ಕೂರಲಿ, ನೀವು ಹೊರಗೆ ನಿಂತು ನೋಡಿ. ಬಹಳ ಕಾರುಗಳಲ್ಲಿ ಎಸಿ ಹಾಕಿದರೆ ಎರಡೂ ತಿರುಗುತ್ತವೆ. ಒಂದು ಮಾತ್ರ ತಿರುಗುತ್ತಿದ್ದರೆ ಅದು ಕಂಡೆನ್ಸರ್ ಫ್ಯಾನ್, ಅದರ ಗಾಳಿಯಲ್ಲೇ ನಿಮ್ಮ ಎಂಜಿನ್ ಇಷ್ಟು ದಿನ ಬದುಕಿದೆ. ಹಾಗಾದರೆ ಸತ್ತಿರುವುದು ರೇಡಿಯೇಟರ್ ಫ್ಯಾನಿನ ಮೋಟಾರ್, ಫ್ಯೂಸ್ ಅಥವಾ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಪುಟ್ಟ ವಿದ್ಯುತ್ ಸ್ವಿಚ್). ಅದರ ಕನೆಕ್ಟರ್ ಬಿಚ್ಚಿ ಬ್ಯಾಟರಿಯಿಂದ ನೇರ ಹನ್ನೆರಡು ವೋಲ್ಟ್ ಕೊಡಿಸಿ ನೋಡಿ. ತಿರುಗಿದರೆ ಮೋಟಾರ್ ಸರಿ ಇದೆ. ತಿರುಗದಿದ್ದರೆ ಮರದ ತುಂಡಿನಿಂದ ಮೋಟಾರ್ ಬೆನ್ನಿಗೆ ಮೆತ್ತಗೆ ಎರಡೇಟು ಹಾಕಿಸಿ. ಆಗ ಎದ್ದು ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ ಅಂತ ಅರ್ಥ. ಇವತ್ತು ತಿರುಗಿತು ಅಂತ ಬಿಟ್ಟರೆ ನಾಳೆ ಮತ್ತೆ ಕೈಕೊಡುತ್ತದೆ.

ಒಂದೇ ಫ್ಯಾನ್ ಇದ್ದರೆ ಮೋಟಾರ್ ಮೇಲೆ ಅನುಮಾನ ಬೇಡ, ಎಸಿ ಹಾಕಿದಾಗ ತಿರುಗುವುದೂ ಅದೇ ತಾನೆ? ಆಗ ಸಮಸ್ಯೆ ಫ್ಯಾನ್‌ಗೆ ‘ತಿರುಗು’ ಅಂತ ಹೇಳುವ ಜಾಗದಲ್ಲಿದೆ. ಹಳೇ ಕಾರಾದರೆ ರೇಡಿಯೇಟರ್ ಪಕ್ಕದಲ್ಲಿ ಎರಡು ವೈರಿನ ಥರ್ಮೋ ಸ್ವಿಚ್ ಇರುತ್ತದೆ. ಕನೆಕ್ಟರ್ ತೆಗೆದು ಆ ಎರಡು ವೈರ್ ಒಂದಕ್ಕೊಂದು ಮುಟ್ಟಿಸಿದರೆ ಫ್ಯಾನ್ ತಿರುಗಬೇಕು. ತಿರುಗಿತಾ? ಸ್ವಿಚ್ ಹೋಗಿದೆ. ರೇಡಿಯೇಟರ್ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ, ನಾನಾ ಪೇಠದ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಹಳೇದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಸ್ವಿಚ್ ಮೇಲೆ ಎಷ್ಟು ಡಿಗ್ರಿಗೆ ಆನ್ ಆಗುತ್ತದೆ ಅಂತ ಕೊರೆದಿರುತ್ತಾರೆ, ಅದೇ ನಂಬರ್ ತೆಗೆದುಕೊಳ್ಳಿ.

ಹೊಸ ಕಾರುಗಳಲ್ಲಿ ಈ ಸ್ವಿಚ್ ಇಲ್ಲ. ಎಂಜಿನ್ ಮೇಲಿನ ಕೂಲಂಟ್ (ಎಂಜಿನ್ ತಣಿಸುವ ದ್ರವ) ಸೆನ್ಸರ್ ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರ್‌ಗೆ, ಟೆಂಪರೇಚರ್ ಹೇಳುತ್ತದೆ, ಇಸಿಯು ರಿಲೇ ಮೂಲಕ ಫ್ಯಾನ್ ಹಾಕುತ್ತದೆ. ಇಲ್ಲಿ ನನ್ನ ಮೊದಲ ಸಲಹೆ, ಒಂದು ಬ್ಲೂಟೂತ್ ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನ ಮಾಹಿತಿಯನ್ನು ಫೋನಿಗೆ ಕಳಿಸುವ ಪುಟ್ಟ ಸಾಧನ) ತೆಗೆದುಕೊಳ್ಳಿ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದರೆ ನಿಜವಾದ ಟೆಂಪರೇಚರ್ ಫೋನಿನಲ್ಲಿ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಅನೇಕ ಕಾರುಗಳಲ್ಲಿ ಅದನ್ನು ಬೇಕೆಂದೇ ಮಂಕಾಗಿಸಿರುತ್ತಾರೆ. ಎಂಬತ್ತು ಡಿಗ್ರಿಗೂ ನೂರಕ್ಕೂ ಅದು ನಡುಮಧ್ಯದಲ್ಲೇ ನಿಂತಿರುತ್ತದೆ, ಜನ ಗಾಬರಿಯಾಗಬಾರದು ಅಂತ. ಅಂಥ ಕಾರಿನಲ್ಲಿ ಮುಳ್ಳು ಕಣ್ಣಿಗೆ ಕಾಣುವಷ್ಟು ಏರಿದೆ ಅಂದರೆ ವಿಷಯ ಆಗಲೇ ಕೈಮೀರುತ್ತಿದೆ.

ಡಾಂಗಲ್ ಬಂದ ಮೇಲೆ ಬೆಳಗ್ಗೆ, ರಾತ್ರಿಯಿಡೀ ನಿಂತ ಕಾರಿನಲ್ಲಿ, ಎಂಜಿನ್ ಶುರು ಮಾಡದೆ ಬರೀ ಕೀ ಆನ್ ಮಾಡಿ. ಕೂಲಂಟ್ ಟೆಂಪರೇಚರ್ ಮತ್ತು ಇನ್‌ಟೇಕ್ ಗಾಳಿಯ ಟೆಂಪರೇಚರ್ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಗಾಳಿ 24 ತೋರಿಸಿ ಕೂಲಂಟ್ 9 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಕಡಿಮೆ ಹೇಳುವ ಸೆನ್ಸರ್ ಇದ್ದರೆ ಇಸಿಯು ಪಾಪ, ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಫ್ಯಾನ್ ಹಾಕುವುದೇ ಇಲ್ಲ. ಆಮೇಲೆ ಎಸಿ ಆಫ್ ಇಟ್ಟು ನಿಂತಲ್ಲೇ ಎಂಜಿನ್ ಓಡಿಸಿ. ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ಸಾಮಾನ್ಯವಾಗಿ 82ರಿಂದ 90 ಡಿಗ್ರಿ ಒಳಗೆ ತೆರೆಯುತ್ತದೆ. ಆಗ ರೇಡಿಯೇಟರ್‌ನ ಮೇಲಿನ ಪೈಪು ಒಮ್ಮೆಲೇ ಸುಡುವಷ್ಟು ಬಿಸಿಯಾಗುತ್ತದೆ. 95ರಿಂದ 100ರ ಆಸುಪಾಸಿನಲ್ಲಿ ಫ್ಯಾನ್ ಬರಬೇಕು, ನಾಲ್ಕೈದು ಡಿಗ್ರಿ ಇಳಿದ ಮೇಲೆ ನಿಲ್ಲಬೇಕು, ಮತ್ತೆ ಬರಬೇಕು. 105 ದಾಟಿದರೂ ಸದ್ದಿಲ್ಲ ಅಂದರೆ ಎಸಿ ಹಾಕಿ ಇಳಿಸಿಕೊಳ್ಳಿ, ಪರೀಕ್ಷೆ ಮುಗಿಯಿತು.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಕೀ ಆನ್ ಇಟ್ಟು ಕೂಲಂಟ್ ಸೆನ್ಸರಿನ ಕನೆಕ್ಟರ್ ಎಳೆದುಬಿಡಿ. ಸೆನ್ಸರ್ ಕಾಣೆಯಾದರೆ ಹೆಚ್ಚಿನ ಕಾರುಗಳಲ್ಲಿ ಇಸಿಯು ‘ಯಾಕೆ ಬೇಕು ರಿಸ್ಕು’ ಅಂತ ಫ್ಯಾನ್ ಹಾಕಿಬಿಡುತ್ತದೆ. ಹಾಗೆ ತಿರುಗಿದರೆ ರಿಲೇ, ವೈರಿಂಗ್, ಮೋಟಾರ್ ಎಲ್ಲ ಸರಿ, ಸೆನ್ಸರ್ ಮಾತ್ರ ಬದಲಿಸಿ. ಚೆಕ್ ಎಂಜಿನ್ ದೀಪ ಹತ್ತಬಹುದು, ಪಿ0118 ಅಂತ ಕೋಡ್ ಬರಬಹುದು. ಅದು ನೀವು ಕನೆಕ್ಟರ್ ತೆಗೆದದ್ದಕ್ಕೇ ಬಂದದ್ದು. ಡಾಂಗಲ್‌ನಿಂದಲೇ ಅಳಿಸಬಹುದು.

ಫ್ಯಾನ್ ಬರಲಿಲ್ಲ ಅಂದರೆ ರಿಲೇ ಕಡೆ ಹೋಗಿ. ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಬೇರೆ ರಿಲೇ ಸಾಮಾನ್ಯವಾಗಿ ಇರುತ್ತದೆ, ಬಹಳ ಸಲ ಹಾರ್ನ್‌ದು. ಅದನ್ನು ತೆಗೆದು ಫ್ಯಾನಿನ ಜಾಗಕ್ಕೆ ಕೂರಿಸಿ ನೋಡಿ. ಖರ್ಚಿಲ್ಲದ ಪರೀಕ್ಷೆ. ಹಾಗೇ ರಿಲೇಯ ಕಾಲುಗಳನ್ನೂ ಕನೆಕ್ಟರನ್ನೂ ನೋಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪಿನ್ ಮೇಲೆ ಹಸಿರು ಪುಡಿ ಕಟ್ಟಿದ್ದರೆ ಅಲ್ಲೇ ಕರೆಂಟ್ ಸರಿಯಾಗಿ ದಾಟುತ್ತಿಲ್ಲ. ಮಳೆಗಾಲ ಕಳೆದ ಮೇಲೆ ಇಂಥದ್ದು ಜಾಸ್ತಿ.

ಎರಡು ಸ್ಪೀಡಿನ ಫ್ಯಾನ್ ಇರುವ ಕಾರಿಗೆ ಬೇರೆ ಕಾಯಿಲೆ ಇದೆ. ಕಡಿಮೆ ಸ್ಪೀಡಿನ ರೆಸಿಸ್ಟರ್ ಸುಟ್ಟರೆ ಫ್ಯಾನ್ ಮೊದಲು ಸುಮ್ಮನಿದ್ದು, ಮುಳ್ಳು ಚೆನ್ನಾಗಿ ಏರಿದ ಮೇಲೆ ವಿಮಾನ ಹೊರಟ ಹಾಗೆ ಒಮ್ಮೆಲೇ ಅಬ್ಬರಿಸುತ್ತದೆ. ಆದರೆ ಆಗ ಎಸಿಯೂ ಸಿಗ್ನಲ್‌ನಲ್ಲಿ ಸರಿಯಾಗಿ ತಂಪು ಕೊಡುವುದಿಲ್ಲ. ನಿಮ್ಮದು ಅದಲ್ಲ ಅನಿಸುತ್ತದೆ.

ಯಾವ ಗ್ಯಾರೇಜಿನಲ್ಲೇ ಮೋಟಾರ್ ಬದಲಿಸಿದರೂ ಹೊರಡುವ ಮುಂಚೆ ಗ್ರಿಲ್ ಮುಂದೆ ಒಂದು ಹಾಳೆ ಹಿಡಿದು ನೋಡಿ. ಫ್ಯಾನ್ ತಿರುಗುವಾಗ ಹಾಳೆ ಗ್ರಿಲ್‌ಗೆ ಅಂಟಿಕೊಳ್ಳಬೇಕು. ಚಿಂಚವಾಡದಲ್ಲಿ ನಮ್ಮ ಸೊಸೈಟಿಯ ವಿಜಯಪುರದ ಕಾಕಾ ಒಬ್ಬರ ಕಾರಿಗೆ ಹೊಸ ಮೋಟಾರ್ ಹಾಕಿಯೂ ಬಿಸಿ ನಿಲ್ಲಲಿಲ್ಲ. ಹಾಳೆ ಹಿಡಿದರೆ ಅಂಟುವ ಬದಲು ಮುಂದಕ್ಕೆ ಹಾರಿತು. ಎರಡು ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿತ್ತು. ‘ತಮ್ಮಾ, ಇದಕ್ಕ ರೇಡಿಯೇಟರ್ ಬಿಚ್ಚಲಿಕ್ಕೆ ಹೊಂಟಿದ್ರಲ್ಲೋ’ ಅಂದರು ಕಾಕಾ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ ಮುರಿದಿದ್ದರೂ, ಬಿಚ್ಚಿ ಮೂಲೆಗೆ ಎಸೆದಿದ್ದರೂ ಇದೇ ಗತಿ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯದೆ ಅಕ್ಕಪಕ್ಕದ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ.

ಕೂಲಂಟ್ ಮಟ್ಟವನ್ನು ಇದೆಲ್ಲಕ್ಕಿಂತ ಮುಂಚೆಯೇ ನೋಡಿ, ಎಂಜಿನ್ ತಣ್ಣಗಿದ್ದಾಗ. ಮಟ್ಟ ಇಳಿದು ಸೆನ್ಸರ್ ಸುತ್ತ ಗಾಳಿ ಸೇರಿಕೊಂಡರೆ ಅದು ಸರಿಯಿದ್ದೂ ತಪ್ಪು ಹೇಳುತ್ತದೆ. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಒಳಗೆ ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್ ಹೆಚ್ಚು ಒತ್ತಡ ಇರುತ್ತದೆ, ಆ ಒತ್ತಡದಿಂದಲೇ ಬರೀ ನೀರು ಕೂಡ 120 ಡಿಗ್ರಿ ತನಕ ಕುದಿಯದೆ ನಿಲ್ಲುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗಿ, ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅದೇ ಕಾರಣಕ್ಕೆ ಕ್ಯಾಪಿನ ರಬ್ಬರ್ ಹೋಗಿದ್ದರೆ ಎಂಜಿನ್ ಬೇಗ ಕುದಿಯುತ್ತದೆ. ಬೋರ್‌ವೆಲ್ ನೀರು ಹಾಕಬೇಡಿ, ಸೊಸೈಟಿ ಟ್ಯಾಂಕರ್ ನೀರೂ ಬೇಡ. ನಿಜವಾಗಿ ರೇಡಿಯೇಟರ್ ಕಟ್ಟಿಕೊಳ್ಳುವುದು ಆ ಬಿಳಿ ಉಪ್ಪಿನಿಂದಲೇ.

ಮುಂದಿನ ಸಲ ಗ್ಯಾರೇಜಿನವರು ‘ಥರ್ಮೋಸ್ಟಾಟ್ ತೆಗೆದುಬಿಡೋಣ, ನಮ್ಮ ಹವೆಗೆ ಬೇಕಾಗಿಲ್ಲ’ ಅಂದರೂ ಅಂದಾರು. ಒಪ್ಪಬೇಡಿ. ಇದು ನನಗೆ ತಲೆ ಕೆಡಿಸುವ ಸಲಹೆ. ಅದಿಲ್ಲದಿದ್ದರೆ ಎಂಜಿನ್ ಬೇಗ ಬಿಸಿ ಏರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಹಾಳಾಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥದ್ದರಲ್ಲಿ ತೆಗೆದರೆ ಬೈಪಾಸ್ ತೆರೆದೇ ಉಳಿದು, ಒಂದಿಷ್ಟು ಬಿಸಿನೀರು ರೇಡಿಯೇಟರ್ ನೋಡದೆಯೇ ಸುತ್ತುತ್ತದೆ. ತಣ್ಣಗಾಗಲಿ ಅಂತ ತೆಗೆದದ್ದಕ್ಕೆ ಇನ್ನಷ್ಟು ಬಿಸಿ.

ಲಕ್ಷಣ ಬದಲಾದರೆ ನನ್ನ ಉತ್ತರವೂ ಬದಲಾಗುತ್ತದೆ. ಘಾಟಿನಲ್ಲೂ ಏರಲು ಶುರುವಾದರೆ ಮೊದಲು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ, ಧೂಳು, ಹುಳ, ಕೆಸರು ಕಂಬಳಿಯಂತೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಮೆತ್ತಗೆ ನೀರು ಬಿಟ್ಟು ತೊಳೆಯಿಸಿ, ಪ್ರೆಷರ್ ಗನ್ ಬೇಡ, ಜಾಲರಿಯ ತೆಳು ತಗಡುಗಳು (ಫಿನ್) ಮಡಚಿಹೋಗುತ್ತವೆ. ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಬರುತ್ತಲೇ ಇದ್ದರೆ, ಹೋಗಿರುವುದು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್). ಆಗ ಓಡಿಸಬೇಡಿ.

ರಿಪೇರಿ ಆಗುವ ತನಕ ಟ್ರಾಫಿಕ್‌ನಲ್ಲಿ ಎಸಿ ಹಾಕಿಕೊಂಡೇ ಓಡಾಡಿ. ‘ಬಿಸಿಯಾದರೆ ಎಸಿ ಆಫ್ ಮಾಡು’ ಅನ್ನುವ ಮಾತು ಬೇರೆಯವರಿಗೆ ಸರಿ, ನಿಮ್ಮ ಕಾರಿಗೆ ಉಲ್ಟಾ. ಹಾಗಿದ್ದೂ ಏರಿದರೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಿಡಿ, ಕಿಟಕಿ ತೆಗೆಯಿರಿ. ಬೆವರು ಸುರಿಯುತ್ತದೆ, ಆದರೆ ಹೀಟರ್ ಒಳಗೊಂದು ಪುಟ್ಟ ರೇಡಿಯೇಟರ್ ಇರುವುದರಿಂದ ಎಂಜಿನ್‌ನ ಒಂದಷ್ಟು ಬಿಸಿ ಹೊರಬರುತ್ತದೆ. ಮುಳ್ಳು ಕೆಂಪಿಗೆ ಹೋಯಿತಾ? ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಟೋಯಿಂಗ್‌ಗೆ ಫೋನ್ ಮಾಡಿ. ಅಲ್ಯೂಮಿನಿಯಂ ಹೆಡ್ ಒಮ್ಮೆ ಬೆಂಡ್ ಆದರೆ ಖರ್ಚು ರೇಡಿಯೇಟರ್‌ನ ಎಷ್ಟೋ ಪಟ್ಟು.

ಗ್ಯಾರೇಜಿಗೆ ಹೋದಾಗ ‘ಬಿಸಿಯಾಗುತ್ತೆ ನೋಡಿ’ ಅಂತ ಬಿಟ್ಟು ಬರಬೇಡಿ. ‘ಎಸಿ ಆಫ್ ಇದ್ದಾಗ ಫ್ಯಾನ್ ಬರುತ್ತಿಲ್ಲ, ಸೆನ್ಸರ್ ಮತ್ತು ರಿಲೇ ಚೆಕ್ ಮಾಡಿ’ ಅಂತ ಹೇಳಿ, ಎದುರಿಗೇ ನಿಂತು ಮಾಡಿಸಿ. ಕಾರಿನ ಮಾಡೆಲ್, ವರ್ಷ, ಫ್ಯಾನ್ ಎಷ್ಟು, ಕನೆಕ್ಟರ್ ಎಳೆದಾಗ ಏನಾಯಿತು ಅಂತ ಇಲ್ಲೇ ಬರೆಯಿರಿ. ಮುಂದಿನದನ್ನು ನೋಡೋಣ.