ಸುಟ್ಟುಹೋದ ವಿಜ್ಞಾನ ವಿಭಾಗದ ಸಂಗ್ರಹವನ್ನು ಮತ್ತೆ ಕಟ್ಟಬಹುದೇ?

ಕಾಲೇಜಿನ ವಿಜ್ಞಾನ ವಿಭಾಗದಲ್ಲಿದ್ದ ಕಲ್ಲು, ಪಳೆಯುಳಿಕೆ, ಸ್ಪೆಸಿಮನ್‌ಗಳೆಲ್ಲ ಬೆಂಕಿಗೆ ಹೋದರೆ ಅವನ್ನು ಮತ್ತೆ ಕೂಡಿಸಲು ಆಗುತ್ತದಾ ಎಂದು ಕೇಳಿದ್ದೀರಿ. ಪಾಠಕ್ಕೆ ಬೇಕಾದಷ್ಟು ಖಂಡಿತ ಕೂಡಿಸಬಹುದು. ಜಗತ್ತಿನಲ್ಲಿ ಒಂದೇ ಒಂದಿದ್ದ ವಸ್ತು ಮಾತ್ರ ಹೋದರೆ ಹೋಯಿತು. ಅದರ ನಕಲು ಬೇರೆ ಊರಿನಲ್ಲಿ ಇದ್ದರೆ ಅಷ್ಟು ಉಳಿಯುತ್ತದೆ.

ಪಳೆಯುಳಿಕೆಗಳ ಬಗ್ಗೆ ಓದುವುದು ನನಗೆ ತುಂಬಾ ಇಷ್ಟ. ನಿಮ್ಮ ಪ್ರಶ್ನೆ ನೋಡಿದ ಕೂಡಲೇ ನೆನಪಾಗಿದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೌಂಟ್ ಹೋಲಿಯೋಕ್ ಕಾಲೇಜು. ಅದು ಹೆಣ್ಣುಮಕ್ಕಳ ಕಾಲೇಜು. ಅಲ್ಲಿ ಮಿನ್ಯನ್ ಟಾಲ್ಬಟ್ ಭೂವಿಜ್ಞಾನ ಕಲಿಸುತ್ತಿದ್ದರು. 1910ರಲ್ಲಿ ಕಾಲೇಜಿನ ಹತ್ತಿರವೇ, ಅಕ್ಕ ಎಲೆನ್ ಜೊತೆ ಹೋಗುತ್ತಿದ್ದಾಗ, ಒಂದು ಬಂಡೆಯಲ್ಲಿ ಅವರಿಗೆ ಮೂಳೆಗಳು ಕಂಡವು. ಸುಮಾರು ಒಂದು ಮೀಟರ್ ಉದ್ದದ ಪುಟ್ಟ ಡೈನೋಸಾರ್ ಅದು. 1911ರಲ್ಲಿ ಅವರೇ ಅದನ್ನು ವಿವರಿಸಿ ಪೊಡೊಕೆಸಾರಸ್ ಎಂದು ಹೆಸರಿಟ್ಟರು. ಡೈನೋಸಾರ್ ಒಂದನ್ನು ಕಂಡುಹಿಡಿದು ಹೆಸರಿಟ್ಟ ಮೊದಲ ಮಹಿಳೆ ಅವರು.

1917ರಲ್ಲಿ ಆ ಸಂಗ್ರಹವಿದ್ದ ಕಾಲೇಜಿನ ಕಟ್ಟಡ ವಿಲಿಸ್ಟನ್ ಹಾಲ್‌ಗೆ ಬೆಂಕಿ ಬಿತ್ತು. ಆ ಮೂಳೆಗಳೂ ಹೋದವು, ವರ್ಷಗಟ್ಟಲೆ ಕೂಡಿಸಿದ ಖನಿಜ, ಪಳೆಯುಳಿಕೆಗಳೂ ಹೋದವು. ಟಾಲ್ಬಟ್ ಬಿಟ್ಟುಹೋಗಲಿಲ್ಲ. ಸಂಗ್ರಹವನ್ನು ಮತ್ತೆ ಕಟ್ಟಲು ನಿಂತರು, 1935ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ಇದನ್ನು ಓದಿದಾಗಲೆಲ್ಲ ಅವರ ಮೇಲೆ ನನಗೆ ಗೌರವ ಹೆಚ್ಚುತ್ತದೆ. ಕಾಲೇಜಿರುವ ಕನೆಕ್ಟಿಕಟ್ ನದಿ ಕಣಿವೆಯ ಕಲ್ಲುಗಳಲ್ಲಿ ಡೈನೋಸಾರ್ ಹೆಜ್ಜೆಗುರುತು ಬೇಕಾದಷ್ಟು ಇವೆ, ಖನಿಜಗಳು ಬೇರೆ ಕಡೆಯಿಂದಲೂ ಸಿಗುತ್ತವೆ. ಆದರೆ ಆ ಮೂಳೆಗಳು?

ಅದೃಷ್ಟಕ್ಕೆ ಬೆಂಕಿಗೆ ಮೊದಲೇ ಅವುಗಳ ಪ್ಲಾಸ್ಟರ್ ಅಚ್ಚು ತೆಗೆಯಲಾಗಿತ್ತು. ಒಂದು ಯೇಲ್ ವಿಶ್ವವಿದ್ಯಾಲಯದ ಪೀಬಾಡಿ ಮ್ಯೂಸಿಯಂನಲ್ಲಿ, ಇನ್ನೊಂದು ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂನಲ್ಲಿ ಇತ್ತು. ಇವತ್ತಿಗೂ ಈ ಪ್ರಾಣಿಯನ್ನು ಅಧ್ಯಯನ ಮಾಡುವವರಿಗೆ ಅವೇ ಆಧಾರ. 2022ರಲ್ಲಿ ಮ್ಯಾಸಚೂಸೆಟ್ಸ್ ಇದನ್ನೇ ತನ್ನ ರಾಜ್ಯ ಡೈನೋಸಾರ್ ಎಂದು ಘೋಷಿಸಿತು!

ಆದರೆ ಅಚ್ಚಿನಲ್ಲಿ ಹೊರಗಿನ ಆಕಾರ ಮಾತ್ರ ಬರುತ್ತದೆ, ಮೂಳೆಯ ಒಳಗಿನ ರಚನೆ ಬರುವುದಿಲ್ಲ. 1964ರಲ್ಲಿ ಪಳೆಯುಳಿಕೆ ತಜ್ಞ ಎಡ್ವಿನ್ ಕೋಲ್ಬರ್ಟ್ ಪೊಡೊಕೆಸಾರಸನ್ನು ಸೀಲೋಫೈಸಿಸ್ ಎಂಬ ಇನ್ನೊಂದು ಡೈನೋಸಾರ್ ಕುಲಕ್ಕೆ ಸೇರಿಸಿದರು. ಆಮೇಲಿನ ಕೆಲವರು ಒಪ್ಪಲಿಲ್ಲ. ಮೂಳೆ ಇದ್ದಿದ್ದರೆ ಮತ್ತೆ ನೋಡಬಹುದಿತ್ತು ಅಲ್ವಾ?

ಬರ್ಲಿನ್‌ನ ಹರ್ಬೇರಿಯಂ, ಅಂದರೆ ಒಣಗಿಸಿದ ಸಸ್ಯಗಳ ಸಂಗ್ರಹ, 1943ರಲ್ಲಿ ಬಾಂಬ್ ದಾಳಿಗೆ ಸಿಕ್ಕಿ ಸುಟ್ಟಾಗಲೂ ಹೀಗೇ ಆಯಿತು. 1929ರಿಂದಲೇ ಶಿಕಾಗೋದ ಫೀಲ್ಡ್ ಮ್ಯೂಸಿಯಂನವರು ಅಲ್ಲಿಗೆ ಹೋಗಿ ಒಣಗಿಸಿಟ್ಟ ಸಸ್ಯಗಳ ಫೋಟೋ ತೆಗೆದಿದ್ದರು. ಎಷ್ಟೋ ಸಸ್ಯಗಳ ಮೂಲ ಮಾದರಿ ಹೇಗಿತ್ತು ಎಂದು ಈಗ ನೋಡಬೇಕಾದರೆ ಆ ಫೋಟೋಗಳೇ ಗತಿ.

ಆದ್ದರಿಂದ ಹೊಸ ಸ್ಪೆಸಿಮನ್ ಖರೀದಿಗೆ ಮೊದಲೇ ಓಡಬೇಡಿ. ಏನೇನಿತ್ತು ಎಂಬ ಪಟ್ಟಿ ಮಾಡಿ. ಸ್ಟಾಕ್ ರಿಜಿಸ್ಟರ್ ಸುಟ್ಟಿದ್ದರೆ ಹಳೇ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕ, ಪ್ರಬಂಧ, ಫೋನಿನಲ್ಲಿರುವ ಫೋಟೋ ಕೇಳಿ. ಬೇರೆ ಕಾಲೇಜಿಗೆ ಕೊಟ್ಟ ಜೋಡಿ ಮಾದರಿಗಳಿದ್ದರೆ ಹುಡುಕಿ. ಬೂದಿಯನ್ನು ಸುಮ್ನೆ ಲಾರಿಗೆ ತುಂಬಿಸಬೇಡಿ, ಕಲ್ಲು, ಖನಿಜಗಳಲ್ಲಿ ಕೆಲವು ಬೆಂಕಿಯಲ್ಲೂ ಉಳಿದಿರಬಹುದು. ಪ್ರಾಣಿಗಳ ವಿಷಯದಲ್ಲಿ ಮಾತ್ರ ಎಚ್ಚರ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಹಳೇ ಜಾಡಿಗಳಲ್ಲಿದ್ದ ಎಷ್ಟೋ ಪ್ರಾಣಿಗಳನ್ನು ಈಗ ಅನುಮತಿ ಇಲ್ಲದೆ ಹಿಡಿಯುವಂತಿಲ್ಲ. ಅವುಗಳಿಗೆ ಮಾಡೆಲ್ ಅಥವಾ ಒಳ್ಳೆಯ ಚಿತ್ರಗಳೇ ಸಾಕು.